ಮೂವತ್ಮೂರು ಡಿಗ್ರಿಯಲ್ಲಿ ಕಜೆಟನ್

ಗಂಡನಿಗೆ ಶೀತವಾದೀತೆಂದು ಡುಲ್ಸಿನ್ ಮೂವತ್ತು ವರ್ಷ ಕಾವಲು ಕಾದವರು. ಅಜೆಕಾರಿನ ಸೆಕೆಯಲ್ಲೂ ಕಜೆಟನ್ ತಣ್ಣೀರು ಸ್ನಾನ ಮಾಡುವಂತಿರಲಿಲ್ಲ. ಈಗ ಮಣಿಪಾಲದ ಐಸಿಯುನಲ್ಲಿ ಅದೇ ಗಂಡನ ಮೈಗೆ ತಣ್ಣೀರು ಹರಿಯುವ ಪಟ್ಟಿಗಳನ್ನು ಸುತ್ತಿದ್ದರು.

ಹಿಂದಿನ ದಿನ ಹಿರಿಯಡ್ಕದ ಮದುವೆ ಹಾಲ್‌ನಲ್ಲಿ ಬ್ಯಾಂಡಿನ ಟ್ರಂಪೆಟ್ ಊದುತ್ತಿದ್ದ ಕಜೆಟನ್ ಹಾಡಿನ ನಡುವೆಯೇ ಕುಸಿದಿದ್ದರು. ಹೃದಯ ನಿಂತಿತ್ತು. ಡ್ರಮ್ಮಿನ ಯೋಗೀಶ್ ಕೋಲು ಬಿಸಾಡಿ, ಶಿಬಿರವೊಂದರಲ್ಲಿ ಕಲಿತಂತೆ ಎದೆ ಒತ್ತತೊಡಗಿದ. ತಾಳ ತಪ್ಪುತ್ತೀಯೆಂದು ಕಜೆಟನ್‌ರಿಂದ ದಿನಾ ಬೈಸಿಕೊಳ್ಳುತ್ತಿದ್ದವನು, ಆ್ಯಂಬುಲೆನ್ಸಿನವರು ಬಂದು ಶಾಕ್ ಕೊಡುವವರೆಗೆ ಒಮ್ಮೆಯೂ ತಪ್ಪಲಿಲ್ಲ. ಹೃದಯ ಮತ್ತೆ ಬಡಿಯಿತು, ಎಚ್ಚರ ಬರಲಿಲ್ಲ.

"ಐಸಿನಲ್ಲಿ ಬಂಗುಡೆ ಮೀನು ಇಟ್ಟ ಹಾಗೆ ಇಟ್ಟಿದ್ದೀರಲ್ಲ ಡಾಕ್ಟ್ರೇ! ಶೀತ ಆಗುವುದಿಲ್ವಾ?" ಎಂದರು ಡುಲ್ಸಿನ್.

"ಮೂವತ್ಮೂರು ಡಿಗ್ರಿ ಅಷ್ಟೇ ಅಮ್ಮ," ಎಂದರು ಡಾಕ್ಟರ್ ವಿಜಯೀಂದ್ರ. "ರಕ್ತ ಸಿಗದೆ ಮೆದುಳು ಬಳಲಿದೆ. ಮೈ ತಂಪಾಗಿದ್ದರೆ ಅದಕ್ಕೆ ಕೆಲಸ ಕಡಿಮೆ, ಹಾನಿಯೂ ಕಡಿಮೆ ಆದೀತು. ಒಂದು ದಿನ ಹೀಗಿಟ್ಟು ಮತ್ತೆ ನಿಧಾನಕ್ಕೆ ಬಿಸಿ ಮಾಡುತ್ತೇವೆ. ಗ್ಯಾರಂಟಿ ಕೊಡಲಿಕ್ಕಾಗುವುದಿಲ್ಲ."

ಅವರು ಆಚೆ ಹೋದದ್ದೇ ತಡ, ಡುಲ್ಸಿನ್ ಬ್ಯಾಗಿನಿಂದ ಉಣ್ಣೆಯ ಕಾಲುಚೀಲ ತೆಗೆದರು. ಒಂದನ್ನು ತೊಡಿಸುವಷ್ಟರಲ್ಲಿ ನರ್ಸ್ ಭಾವನಾ ಬಂದಳು.

"ಇದೆಂತ ಆಂಟಿ?"

"ಒಂದೇ ಕಾಲಿಗೆ ಅಲ್ವಾ?"

ಭಾವನಾ ಅದನ್ನು ಕಳಚಿ ಅವರ ಕೈಗಿತ್ತಳು. ಗಂಡನ ತಣ್ಣನೆಯ ಪಾದವನ್ನು ಮುಟ್ಟಿದ ಡುಲ್ಸಿನ್ ಆಗ ಮೊದಲ ಸಲ ಅತ್ತರು.

ನಾಲ್ಕನೆಯ ದಿನ ಕಜೆಟನ್ ಕಣ್ಣು ಬಿಟ್ಟರು. ಗಂಟಲಿನ ನಳಿಕೆ ತೆಗೆದ ಮೇಲೆ ತನ್ನ ಹೆಸರು, ಊರು, ಹೆಂಡತಿಯ ಹೆಸರು ಎಲ್ಲ ಸರಿಯಾಗಿ ಹೇಳಿದರು. ಆ ಮದುವೆ ಮತ್ತು ಅದರ ಹಿಂದಿನ ವಾರ ಮಾತ್ರ ನೆನಪಿನಿಂದ ಅಳಿಸಿಹೋಗಿದ್ದವು. ಆ ನೆನಪು ಮರಳಿ ಬಾರದೆಯೂ ಇರಬಹುದು ಎಂದರು ಡಾಕ್ಟರ್.

ಡುಲ್ಸಿನ್ ಸ್ವಲ್ಪ ಯೋಚಿಸಿದರು. "ಹಾಗಾದರೆ ಸಿಗರೇಟು ಬಿಟ್ಟದ್ದೂ ನೆನಪಿಲ್ವಾ?"

"ನಾನಾ? ಯಾವಾಗ?"

"ಹೋದ ಮಂಗಳವಾರ. ಪಾದ್ರಿಗಳಿಗೆ ಮಾತು ಕೊಟ್ಟೆಯಲ್ಲ ಮಾರಾಯ!"

ಕಜೆಟನ್ ಭಾವನಾಳ ಕಡೆ ನೋಡಿದರು. ಅವಳು ಡ್ರಿಪ್ಪಿನ ಹನಿಗಳನ್ನು ಬಹಳ ಶ್ರದ್ಧೆಯಿಂದ ಎಣಿಸುತ್ತಿದ್ದಳು.

"ಮಾತು ಕೊಟ್ಟಾಗಿದ್ದರೆ ಇನ್ನೆಂತ ಮಾಡುವುದು," ಎಂದು ನಿಟ್ಟುಸಿರಿಟ್ಟರು.

ಆರು ವಾರದ ಮೇಲೆ ಇಗರ್ಜಿಗೆ ಹೋದಾಗ ಅವರು ಪಾದ್ರಿಗಳನ್ನೇ ಕೇಳಿಬಿಟ್ಟರು: "ಫಾದರ್, ಸಿಗರೇಟು ಬಿಡುತ್ತೇನೆಂದು ನಿಮ್ಮೆದುರು ನಾನು ಹೇಳಿದ್ದು ಹೌದಾ?"

ಪಾದ್ರಿಗಳು ಕಜೆಟನ್‌ರ ಹೆಗಲಿನಾಚೆ ಕೈಮುಗಿದು ನಿಂತಿದ್ದ ಡುಲ್ಸಿನ್‌ರನ್ನು ಕಂಡು ಒಮ್ಮೆ ಕೆಮ್ಮಿದರು.

"ದೇವರಿಗೆ ಎಲ್ಲ ಗೊತ್ತುಂಟು, ಕಜೆಟನ್."