ಅಪ್‌ಡೇಟ್ ಆದ ಬೆಳಗ್ಗೆ

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕುಸುಮ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡಿದ್ದಳು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವಳಿಗೆ ಬಿಳಿ ಬೆಳಕು ಕುಕ್ಕುವುದು ನಿಂತಿರಲಿಲ್ಲ. ಅದಕ್ಕೇ ತಂಗಿಯ ಮಗಳು ಅರ್ಪಿತ, ಮಂಡ್ಯದ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುವವಳು, ಒಂದು ಫೈಲು ಬರೆದು ಬ್ರೌಸರಿನ ರೂಪವನ್ನೇ ಬದಲಿಸಿಕೊಟ್ಟಿದ್ದಳು. ಪುಟವೆಲ್ಲ ಕಪ್ಪು, ತೆರೆದಿರುವ ಟ್ಯಾಬಿಗೆ ದಪ್ಪ ಹಳದಿ ಅಂಚು. ಕೈತಪ್ಪಿ ಒತ್ತಬಾರದೆಂದು ಟ್ಯಾಬ್ ಮುಚ್ಚುವ ಗುರುತನ್ನೂ ಮರೆಮಾಡಿದ್ದಳು.

ಆ ಸೋಮವಾರ ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಅಪ್‌ಡೇಟಿನಿಂದ ಆ ರೂಪ ಕೆಟ್ಟದ್ದು ವರ್ಷದಲ್ಲಿ ಇದು ಮೂರನೇ ಸಲ. ಕಪ್ಪೂ ಇಲ್ಲ, ಹಳದಿ ಅಂಚೂ ಇಲ್ಲ. ಎದುರಿಗೆ ರೇವಮ್ಮ ಕೂತಿದ್ದಳು, ಮೊಮ್ಮಗಳ ಹಾಸ್ಟೆಲ್ ಅರ್ಜಿಗೆ. ಕುಸುಮ ಕಣ್ಣು ಕಿರಿದು ಮಾಡಿಕೊಂಡೇ ಮುಕ್ಕಾಲು ಅರ್ಜಿ ತುಂಬಿದಳು. ಇನ್ನೊಂದು ಟ್ಯಾಬಿಗೆ ಹೋಗಲು ಒತ್ತಿದರೆ ಕ್ಲಿಕ್ಕು ಮುಚ್ಚುವ ಗುರುತಿನ ಮೇಲೆ ಬಿತ್ತು. ಅರ್ಜಿ ಮಾಯವಾಯಿತು.

"ಏನಾಯ್ತು ಕಣಮ್ಮ?" ರೇವಮ್ಮ ಕೇಳಿದಳು.

"ಎಲ್ಲಾ ಓಯ್ತು. ಮತ್ತೆ ಮೊದ್ಲಿಂದ ಬರೀಬೇಕು."

ರೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕುಸುಮಳಿಗೆ ಬೈಸಿಕೊಂಡಿದ್ದರೇ ವಾಸಿ ಎನಿಸಿತು. ಅರ್ಪಿತಳಿಗೆ ಫೋನ್ ಮಾಡಿದಳು.

"ದೊಡ್ಡಮ್ಮ, ಈ ಸಲ ಬ್ರೌಸರ್ ಒಳಗಿನ ಭಾಗಗಳ ಎಸ್ರುಗಳನ್ನೇ ಬದ್ಲಾಯಿಸವ್ರೆ. ನಾನ್ ಬರ್ದಿದ್ದ ಫೈಲು ಅದಕ್ಕೆ ಅರ್ಥ ಆಯ್ತಿಲ್ಲ."

"ಹಳೇ ಬ್ರೌಸರ್ನೇ ಆಕ್ಕೊಳ್ಳಾನಾ?"

ಅರ್ಪಿತ ಹೇಳಿದಂತೆ ಹಳೆಯದನ್ನು ಹಾಕಿಕೊಂಡದ್ದಾಯಿತು. ಕಪ್ಪು ಬಣ್ಣ ವಾಪಸ್ ಬಂತು. ಆದರೆ ಬ್ರೌಸರ್ ಹಳತಾಯಿತೆಂದು ಹಾಸ್ಟೆಲ್ ಅರ್ಜಿಯ ಪುಟವೇ ತೆರೆಯಲಿಲ್ಲ. ಅದನ್ನು ತೆಗೆದು ಮತ್ತೆ ಹೊಸದನ್ನೇ ಹಾಕುವಷ್ಟರಲ್ಲಿ ಹನ್ನೊಂದೂವರೆ. ಕುಸುಮಳ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು.

"ಒಂದ್ ಕೆಲ್ಸ ಮಾಡು ದೊಡ್ಡಮ್ಮ," ಅರ್ಪಿತ ಅಂದಳು. "ಬ್ರೌಸರ್ ಬುಟ್ಬುಡು. ಕೀಬೋರ್ಡ್‌ನಾಗೆ ಎಡಗಡೆ ಆಲ್ಟು, ಎಡಗಡೆ ಶಿಫ್ಟು, ಪ್ರಿಂಟ್ ಸ್ಕ್ರೀನು, ಮೂರ್ನೂ ಒಟ್ಗೆ ಒತ್ತು. ಆನ್ ಮಾಡ್ಲಾ ಅಂತ ಕಂಪ್ಯೂಟರ್ ಕೇಳುದ್ರೆ ಯೆಸ್ ಒತ್ತು."

ಒತ್ತಿದಳು. ಇಡೀ ಕಂಪ್ಯೂಟರೇ ಕಪ್ಪಾಯಿತು, ಅಕ್ಷರ ಮಾತ್ರ ಬಿಳಿ. ನೋಡಲು ಚೆಂದವಿರಲಿಲ್ಲ. ಟ್ಯಾಬಿನ ಅಂಚು ತೆಳ್ಳಗಿತ್ತು, ಮುಚ್ಚುವ ಗುರುತೂ ಅಲ್ಲೇ ಇತ್ತು. ಆದರೆ ಕಣ್ಣು ತೆರೆಯಬಹುದಿತ್ತು.

"ಸಾಕು ಬುಡವ್ವ," ಎಂದು ಕುಸುಮ ಫೋನಿಟ್ಟಳು. "ರೇವಮ್ಮ, ಮೊಮ್ಮಗಳ ಎಸ್ರು ಇನ್ನೊಂದ್ ಸಲ ಏಳಿ."

"ದೀಪಿಕ. ಎಷ್ಟ್ ಸಲ ಬೇಕಾದ್ರೂ ಏಳ್ತೀನಿ, ಬರ್ಕೊ. ನಿನ್ ಕಣ್ಣು ನೋಡ್ಕೊಂಡು ನಿಧಾನಕ್ ಬರ್ಕೊ."

ಒಂದೊಂದು ಸಾಲಿಗೂ ನಿಂತು ನಿಂತು, ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಜಿ ಸಲ್ಲಿಕೆಯಾಯಿತು.

ಸಂಜೆ ಅರ್ಪಿತ ತಾನೇ ಫೋನ್ ಮಾಡಿದಳು. "ಊಟುಕ್ಕೂ ಏಳ್ದೆ ಕುಂತು ಫೈಲು ಹೊಸ್ದಾಗಿ ಬರ್ದಿವ್ನಿ. ಹಳದಿ ಅಂಚೂ ಬತ್ತದೆ. ಕಳ್ಸ್ಲಾ?"

"ಬ್ಯಾಡವ್ವ. ಇನ್ನೊಂದ್ ಸಲ ಅಪ್‌ಡೇಟ್ ಆದ್ರೆ ಅದೂ ಕೆಡ್ತದೆ. ನಂಗೂ ಸಾಕಾಯ್ತು, ನಿಂಗೂ ಸಾಕಾಯ್ತು."

ಊಟ ಬಿಟ್ಟು ಕೂತವಳಿಗೆ ಹೀಗಂದುಬಿಟ್ಟೆನಲ್ಲ ಎಂದು ಕುಸುಮಳಿಗೆ ಕೆಡುಕೆನಿಸಿತು.

"ಕಳ್ಸು ಕಣವ್ವ," ಅಂದಳು. "ಭಾನ್ವಾರ ಮನೆಗ್ ಬಾ. ಆ ಫೈಲ್ನಾಗೆ ಯಾವ್ ಸಾಲು ಎಲ್ಲಿ ಅದೆ ಅಂತ ನಂಗೇ ಏಳ್ಕೊಡು. ಮುಂದಿನ್ ಸಲ ನಾನೇ ಒದ್ದಾಡ್ತೀನಿ."

ಫೋನಿಟ್ಟು ಕಣ್ಣಿಗೆ ಔಷಧಿಯ ಹನಿ ಬಿಟ್ಟುಕೊಂಡಳು. ಬಾಗಿಲು ಹಾಕಲು ಏಳಬೇಕಿತ್ತು. ಸ್ವಲ್ಪ ಹೊತ್ತು ಹಾಗೇ ಕುರ್ಚಿಗೆ ಒರಗಿದಳು.