ಯಾರ ಅಪ್ಪಣೆಗೂ ಕಾಯದೆ

ನಾಂಪಲ್ಲಿ ರೈಲು ನಿಲ್ದಾಣದ ಹಿಂದಿನ ನಾಲಾದ ಮೇಲಿನ ಕಾಲುಸೇತುವೆಯನ್ನು ನಗರಪಾಲಿಕೆಯವರು ಕೆಡವುತ್ತಾರೆಂಬ ಸುದ್ದಿ ಹಬ್ಬಿದ ದಿನವೇ ಕಾಲೊನಿಯ ಸಂಘ ಸಭೆ ಕರೆಯಿತು. ಮೂರು ತಲೆಮಾರು ಸರ್ಕಾರಿ ನೌಕರಿ ಮಾಡಿದ ಕನ್ನಡದ ಮನೆಗಳು. ಅರ್ಜಿ ಹಾಕದೆ ಇಲ್ಲಿ ಕೆಮ್ಮೂ ಬರುವುದಿಲ್ಲ.

"ಸೇತುವೀ ಇತಿಹಾಸ ಬರದು ಪುಸ್ತಕಾ ಮಾಡಿ ಸಾಹೇಬ್ರಿಗೆ ಕಳಸೋಣ್ರಿ. ಅರವತ್ತು ವರ್ಷದ್ದು ಅಂತ ಗೊತ್ತಾದ್ರ ಮುಟ್ಟಂಗಿಲ್ಲ," ಎಂದರು ಕಾರ್ಯದರ್ಶಿ ಹನುಮಂತರಾಯರು. ಬರೆಯುವ ಹೊಣೆ ಕಾಲೇಜು ಮೇಷ್ಟ್ರು ಕೌಸ್ತುಭನ ಹೆಗಲಿಗೆ ಬಿತ್ತು.

ಅವನು ಮೊದಲು ಹೋದದ್ದು ಕೃಷ್ಣಾಬಾಯಿಯ ಬಳಿ. ಎಂಬತ್ನಾಲ್ಕರ ಈ ಮುದುಕಿ ದಿನವೂ ಸೇತುವೆ ದಾಟಿ, ಆಚೆ ದಂಡೆಯಲ್ಲಿ ಹಾಸಿಗೆ ಹಿಡಿದ ತಂಗಿ ವೇದವತಿಗೆ ಬಿಸಿ ಜೋಳದ ಭಕ್ರಿ ಮುಟ್ಟಿಸುತ್ತಿದ್ದಳು. ರಸ್ತೆಯಲ್ಲಿ ಸುತ್ತಿ ಹೋದರೆ ಎರಡೂವರೆ ಕಿಲೋಮೀಟರು.

"ನಮ್ಮನಿಯವ್ರು, ಆಜೂಬಾಜೂ ಮಂದಿ ಕೂಡಿ ಹಳೇ ರೈಲು ಹಳಿ ಹೊತ್ತು ತಂದ್ರಪಾ. ಆದ್ರ ಇಂಜಿನಿಯರ್ ಸಾಹೇಬ್ರು ತಾವಾ ಬಂದು ಜಾಗಾ ತೋರ್ಸಿ, ‘ಬನಾಲೋ’ ಅಂದ್ರು, ಕಟ್ಕೋರಿ ಅಂತ. ಅವ್ರ ಹೆಸರೂ ಹೇಳ್ತೀನಿ, ಬರಕೋ."

ಕೌಸ್ತುಭ ತಲೆದೂಗಿದ, ಬರೆದುಕೊಳ್ಳಲಿಲ್ಲ. ಸಾಹೇಬರೇ ಬಂದು ಹೂಂ ಅಂದರೆ ಕಥೆಯಲ್ಲಿ ಖಾರವೆಲ್ಲಿ? ‘ಯಾರ ಅಪ್ಪಣೆಗೂ ಕಾಯದೆ ನಮ್ಮ ಹಿರಿಯರು ಕಟ್ಟಿದರು’ ಎಂದು ಬರೆದ. ಪುಸ್ತಕ ಬಿಡುಗಡೆಯ ಸಂಜೆ ಅವನು ಆ ಹಿರಿಯರದೇ ದನಿ ತೆಗೆದು, "ಅಪ್ಪಣೀ? ಯಾರದಪಾ ಅಪ್ಪಣೀ?" ಎಂದು ಗುಡುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಹನುಮಂತರಾಯರು ತೆಲುಗು ತರ್ಜುಮೆ ಲಗತ್ತಿಸಿ, ಹನ್ನೊಂದು ಕಚೇರಿಗಳಿಗೆ ಪ್ರತಿ ಕೊಟ್ಟು, ಮುಟ್ಟಿದ ಬಗ್ಗೆ ಮುದ್ರೆಯನ್ನೂ ಒತ್ತಿಸಿಕೊಂಡು ಬಂದರು.

ಇಪ್ಪತ್ತನೆಯ ದಿನ ನೋಟಿಸು ಬಂತು. ಅನುಮತಿಯಿಲ್ಲದ ಕಟ್ಟಡ. ಆಧಾರ: ಸಂಘದ ಪುಸ್ತಕ, ಪುಟ ನಾಲ್ಕು.

ಕೌಸ್ತುಭ ಕಚೇರಿಗೆ ಓಡಿ ಇಂಜಿನಿಯರರ ಸಂಗತಿ ಹೇಳಿದ. ಗುಮಾಸ್ತ ಪುಸ್ತಕದ ಮೇಲೆ ಬೆರಳಿಟ್ಟು, ಬರೆದವರೂ ನೀವೇ, ಈಗ ಬೇರೆ ಮಾತಾಡುವವರೂ ನೀವೇ ಎಂದ. "ಆಪ್ ಹೀಚ್ ಲಿಖೇ ನಾ ಸಾಬ್? ಅಬ್ ದೂಸ್ರೀ ಬಾತ್ ಬೋಲ್‌ರಹೇ!"

ಗುರುವಾರ ಮಧ್ಯಾಹ್ನದೊಳಗೆ ಸೇತುವೆಯ ಹಳಿಗಳು ಲಾರಿ ಏರಿದವು. ಕೃಷ್ಣಾಬಾಯಿ ಭಕ್ರಿಯ ಗಂಟು ಹಿಡಿದು ದಂಡೆಯಲ್ಲೇ ನಿಂತಿದ್ದಳು.

"ಕೊಡ್ರಿ ಅಜ್ಜೀ, ನಾ ಗಾಡೀ ಮ್ಯಾಲೆ ಹೋಗಿ ಕೊಟ್ಟು ಬರ್ತೀನಿ. ಯಾಕ ತಡಾ ಆತು ಅಂತನೂ ಹೇಳ್ತೀನಿ," ಎಂದು ಕೌಸ್ತುಭ ಕೈಚಾಚಿದ.

ಅವಳು ಗಂಟನ್ನು ಎದೆಗೆಳೆದುಕೊಂಡಳು.

"ಬ್ಯಾಡಪಾ. ನಾ ಒಂದ್ ಹೇಳಿ ಕಳಸಿದ್ರ, ನೀ ಅಲ್ಲಿ ಇನ್ನೊಂದ್ ಹೇಳ್ತಿ."

ಮುದುಕಿ ಗೋಡೆ ಹಿಡಿದು ರಸ್ತೆಯ ಕಡೆ ನಡೆದಳು.