ಬಾಯಿ ಬಿಡಲಾಗದ ಒಂದು ನಿಮಿಷ

ಥಾರ್ನ್‌ಲೀ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಆಟಗಾರ, ಮ್ಯಾನೇಜರ್ ಯಾರೇ ಸತ್ತರೂ ಮುಂದಿನ ಶನಿವಾರ ಆಟಕ್ಕೆ ಮೊದಲು ಒಂದು ನಿಮಿಷ ಮೌನ. ರೆಫರಿ ಸೀಟಿ ಊದಿದರೆ ಕುಡುಕನೂ ಟೋಪಿ ತೆಗೆದು ತೆಪ್ಪಗಾಗುತ್ತಾನೆ. ಆ ಊರಿನಲ್ಲಿ ದೇವರನ್ನು ಬೈದವನಿಗೆ ಕ್ಷಮೆ ಸಿಕ್ಕೀತು, ಮೌನ ಮುರಿದವನಿಗೆ ಸಿಗದು.

ಡೆರಿಕ್ ಸಗ್‌ಡನ್ ತೀರಿಕೊಂಡ ವಾರ ಕ್ಲಬ್ಬಿನ ಕಾರ್ಯದರ್ಶಿ ಮನೆಗೆ ಬಂದ. ಮೌನಕ್ಕೆ ಮೊದಲು ಮೈದಾನದಲ್ಲಿ ಹೂಚಕ್ರ ಇಡುವುದಕ್ಕೆ ವಿಲ್ಫ್ ಎಂಟ್ವಿಸಲ್ ಅವರೇ ಬರುತ್ತಾರೆ, ನೀವು ಅವರ ಪಕ್ಕ ನಿಂತರೆ ಚೆನ್ನ ಎಂದ. ಡೆರಿಕ್‌ನ ಹೆಂಡತಿ ಬೆರಿಲ್ ಅವನ ಮುಂದೆ ಚಹಾ ಇಟ್ಟಳು. ಆಮೇಲೆ ಆಗಲಿ ಎಂದಳು.

ಡೆರಿಕ್‌ನ ಅಕ್ಕ ಐವಿ ಕೆಂಡವಾದಳು.

"ಆ ಮುದಿಗೂಬೆ ಪಕ್ಕ ನಿಂತ್ಕೋತೀಯಾ? ನಾಚಿಕೆ ಇಲ್ವೇನೇ ನಿಂಗೆ?"

"ಅಲ್ಲಿ ಅವನು ಬಾಯಿ ಬಿಡೋಹಾಗಿಲ್ಲ ಅತ್ತಿಗೆ," ಎಂದಳು ಬೆರಿಲ್.

ಎಂಟ್ವಿಸಲ್ ರೋವರ್ಸನ್ನು ಮೊದಲ ದರ್ಜೆಗೆ ಏರಿಸಿದ ಮ್ಯಾನೇಜರ್. ಮೈದಾನದ ಒಂದು ಬದಿಯ ಗ್ಯಾಲರಿಗೆ ಅವನದೇ ಹೆಸರು. ಅವನ ಎದುರು ಮಾತಿನಲ್ಲಿ ಯಾರೂ ಗೆದ್ದವರಿಲ್ಲ. ನಿವೃತ್ತನಾದ ಮೇಲೆ ಕ್ಲಬ್ಬಿನ ಔತಣಗಳಲ್ಲಿ ಎದ್ದು ನಿಂತು ಹಳೆಯ ಕಥೆ ಹೇಳಿ ನಗಿಸುತ್ತಿದ್ದ. ಎಲ್ಲರೂ ಕೇಳಿ ಹೇಳಿಸುತ್ತಿದ್ದ ಕಥೆ ಡೆರಿಕ್‌ನದು. ಚೆಂಡಿಗೆ ಹಾರಿದ ಡೆರಿಕ್ ಎದುರಾಳಿಯ ತಲೆಗೆ ತಲೆ ಬಡಿದು ಎಚ್ಚರ ತಪ್ಪಿ ಬಿದ್ದಿದ್ದ. ಇದ್ದ ಒಬ್ಬನೇ ಬದಲಿ ಆಟಗಾರ ಅದಕ್ಕೂ ಮೊದಲೇ ಬೇರೊಬ್ಬನ ಜಾಗಕ್ಕೆ ಮೈದಾನಕ್ಕಿಳಿದಾಗಿತ್ತು. ನೀರಿನ ಬಕೆಟ್ ಹಿಡಿದು ಓಡಿದವನು ವಾಪಸ್ ಬಂದು, ಇವನಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲ ಎಂದ. ಎಂಟ್ವಿಸಲ್ ಇಲ್ಲಿ ಕಥೆ ನಿಲ್ಲಿಸಿ, ಗ್ಲಾಸಿನಿಂದ ಒಂದು ಗುಟುಕು ಕುಡಿದು, ಆಮೇಲೆ ಹೇಳುತ್ತಿದ್ದ:

"ಡಿಫೆಂಡರ್‌ಗೆ ತಲೆ ಯಾಕಯ್ಯಾ? ಹಣೆ ಇದ್ರೆ ಸಾಕು. ಕಳ್ಸು ಒಳಗೆ."

ಮೇಜು ಕುಟ್ಟಿ ನಗುತ್ತಿದ್ದರು. ಒಂದು ಸಲ ಬೆರಿಲ್ ಕೂಡ ನಕ್ಕಿದ್ದಳು. ಪಕ್ಕದಲ್ಲಿ ಕುಳಿತ ಡೆರಿಕ್ ಎಲ್ಲರ ಮುಖ ನೋಡಿ, ಎಲ್ಲರಿಗಿಂತ ತಡವಾಗಿ ನಕ್ಕ. ಅಂದಿನಿಂದ ಆ ಕಥೆಗೆ ಅವಳು ನಗಲಿಲ್ಲ. ಮುಂದೆ ಅವನು ಮನೆಯ ದಾರಿ ಮರೆತ, ಅವಳ ಹೆಸರು ಮರೆತ. ಸಾಯುವಾಗ ಅವನಿಗೆ ಇನ್ನೂ ಐವತ್ತಾಗಿರಲಿಲ್ಲ.

ಶನಿವಾರ ಮೋಡ ಕವಿದಿತ್ತು. ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ನಡುಮೈದಾನದಲ್ಲಿ ಸಾಲಾಗಿ ನಿಂತರು. ಎಂಟ್ವಿಸಲ್ ಹೂಚಕ್ರ ಇಟ್ಟು, ಬೆರಿಲ್‌ಳ ಭುಜ ತಟ್ಟಿ, ತಲೆ ಬಗ್ಗಿಸಿದ. ಸೀಟಿ ಕೇಳಿಸಿತು. ಮೈದಾನ ಮಸಣದಂತಾಯಿತು.

ಬೆರಿಲ್ ಕೂಡ ತಲೆ ಬಗ್ಗಿಸಿದಳು. ಟೋಪಿಯ ಅಂಚು ಅವಳ ತುಟಿಗಳನ್ನು ಮರೆ ಮಾಡಿತು.

"ಯಜಮಾನ್ರೇ, ತಿರುಗ್ಬೇಡಿ. ಜನ ನೋಡ್ತಿದಾರೆ," ಎಂದಳು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಕೊನೇಲಿ ನಿಮ್ಮ ಡೆರಿಕ್‌ಗೆ ಚಮಚ ಯಾತಕ್ಕೆ ಅಂತಾನೇ ಗೊತ್ತಿರ್ಲಿಲ್ಲ. ಹಣೆ ಮಾತ್ರ ಚೆನ್ನಾಗಿತ್ತು. ದಿನಾ ಅದ್ನ ಗೋಡೆಗೆ ಚಚ್ಕೋತಿದ್ದ."

ಎಂಟ್ವಿಸಲ್ ಕಣ್ಣೆತ್ತಿ ಗ್ಯಾಲರಿಯ ಜನರನ್ನು ನೋಡಿ, ಮತ್ತೆ ತಲೆ ಬಗ್ಗಿಸಿದ.

"ಮುಂದೆ ನಿಮ್ಮ ಸರದಿ. ಇವರೆಲ್ಲಾ ಹೀಗೇ ನಿಂತಿರ್ತಾರೆ. ನಾನೂ ಬರ್ತೀನಿ. ಅವತ್ತು ಮೆಲ್ಲಗೆ ಮಾತಾಡಲ್ಲ."

ನಿಮಿಷ ಮುಗಿದು ಮತ್ತೆ ಸೀಟಿ ಕೇಳಿಸಿತು. ಅವನು ಅವಳ ಕಡೆ ತಿರುಗಿ ಏನೋ ಹೇಳಿದ. ಹಿಡಿದ ಉಸಿರನ್ನು ಒಟ್ಟಿಗೆ ಬಿಟ್ಟ ಜನರ ಗದ್ದಲದಲ್ಲಿ ಅದು ಮುಚ್ಚಿಹೋಯಿತು. ಅವನ ಒದ್ದೆ ಕಣ್ಣು ಕಂಡವರು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಚಹಾ ಕೋಣೆಯಲ್ಲಿ ಅವಳನ್ನು ಹುಡುಕಿಕೊಂಡು ಬಂದ. ಅವತ್ತು ಬೇರೆ ಆಟಗಾರ ಇರಲಿಲ್ಲ ಎಂದ, ತಲೆಗೆ ಬಿದ್ದ ಪೆಟ್ಟು ಹೀಗೆಲ್ಲ ಮಾಡುತ್ತದೆ ಅಂತ ಆ ಕಾಲದಲ್ಲಿ ಯಾರಿಗೆ ತಿಳಿದಿತ್ತು ಎಂದ.

"ಅದನ್ನೇ ಊಟದ ಮೇಜಲ್ಲಿ ಹೇಳಿ," ಎಂದಳು ಬೆರಿಲ್. "ನಗೋರು ಅಲ್ಲಿದಾರೆ."

ಅವನು ಹೇಳಲಿಲ್ಲ. ಔತಣಗಳಿಗೆ ಹೋಗುವುದನ್ನೇ ನಿಲ್ಲಿಸಿದ. ಮರುವರ್ಷದ ಚಳಿಗಾಲದಲ್ಲಿ ಸತ್ತ.

ಮುಂದಿನ ಶನಿವಾರ ಬೆರಿಲ್ ಕರಿ ಕೋಟು ತೊಟ್ಟು, ಟಿಕೆಟ್ ಕೊಂಡು, ಅವನ ಹೆಸರಿನ ಗ್ಯಾಲರಿಯಲ್ಲೇ ಹೋಗಿ ಕುಳಿತಳು. ಎರಡೂ ತಂಡ ಮೈದಾನಕ್ಕಿಳಿದವು. ಯಾರ ತೋಳಿನಲ್ಲೂ ಪಟ್ಟಿಯಿರಲಿಲ್ಲ. ಟೋಪಿ ತೆಗೆಯಲು ಕೈಯೆತ್ತಿದ ಜನರ ಕೈ ಅಲ್ಲೇ ಇರುವಾಗ ರೆಫರಿ ಸೀಟಿ ಊದಿದ, ಆಟ ಶುರುವಾಯಿತು.

ಪಕ್ಕದ ಮುದುಕ ಅವಳ ಕಡೆ ವಾಲಿದ.

"ಸಾಯೋಕ್ ಮುಂಚೇನೇ ಕ್ಲಬ್ಬಿಗೆ ಹೇಳಿದ್ರಂತೆ ಕಣಮ್ಮ, ನಂಗೆ ಮೌನಗೀನ ಏನೂ ಬೇಡ ಅಂತ. ಎಂಥಾ ದೊಡ್ಡತನ ನೋಡಿ."

"ದೊಡ್ಡತನ ಅಲ್ಲ, ಹೆದರಿಕೆ," ಎಂದಳು ಬೆರಿಲ್.

"ಯಾರ ಹೆದರಿಕೆ?"

ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಡೆರಿಕ್‌ನ ಕಥೆ ಹೇಳತೊಡಗಿದಳು. ದನಿ ತಗ್ಗಿಸಲಿಲ್ಲ. ಮುಂದಿನ ಸಾಲಿನ ಇಬ್ಬರು ಆಟ ಬಿಟ್ಟು ಹಿಂದೆ ತಿರುಗಿದರು. ಆಮೇಲೆ ಅವರ ಮುಂದಿನವರೂ ತಿರುಗಿದರು.